ಮಗುವಿಗೆ ಎಷ್ಟು ಮಿಲಿಕ್ಯೂರಿ? ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್ ಡೋಸ್ ನಿರ್ಧಾರ ಆಗುವ ಬಗೆ ಮತ್ತು ಮನೆಯವರ ತಯಾರಿ

ಆಪರೇಷನ್ ಮುಗಿದಿದೆ. ಬಯಾಪ್ಸಿ ರಿಪೋರ್ಟಿನಲ್ಲಿ ‘ಪ್ಯಾಪಿಲರಿ ಕಾರ್ಸಿನೋಮ’ (ಥೈರಾಯ್ಡ್ ಕ್ಯಾನ್ಸರಿನ ಒಂದು ಬಗೆ) ಎಂದು ಬಂದಿದೆ. ಈಗ ಡಾಕ್ಟರು "ಮಗುವಿಗೆ ರೇಡಿಯೋ ಅಯೋಡಿನ್ ಕೊಡಬೇಕಾಗಬಹುದು, ಬೆಂಗಳೂರಿಗೋ ಹೈದರಾಬಾದಿಗೋ ಮುಂಬೈಗೋ ಹೋಗಬೇಕು" ಎಂದಿದ್ದಾರೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ತಂದೆತಾಯಿಗೆ ಇಲ್ಲಿಂದ ಮುಂದೆ ಏನೇನು ಆಗುತ್ತದೆ, ತಾವೇನು ಮಾಡಬೇಕು ಅಂತ ಹೇಳುವುದಕ್ಕೆ ಈ ಬರಹ.

ಮೊದಲು ಧೈರ್ಯದ ಮಾತು. ಮಕ್ಕಳಲ್ಲಿ ಈ ಕಾಯಿಲೆ ಗೊತ್ತಾಗುವ ಹೊತ್ತಿಗೆ ದೊಡ್ಡವರಿಗಿಂತ ಜಾಸ್ತಿ ಹರಡಿರುತ್ತದೆ. ಕುತ್ತಿಗೆಯ ಗಂಟುಗಳಿಗೆ ಹೋಗಿರುತ್ತದೆ, ಕೆಲವರಲ್ಲಿ ಶ್ವಾಸಕೋಶಕ್ಕೂ ಇಳಿದಿರುತ್ತದೆ. ಆದರೂ ಇದು ಮಕ್ಕಳ ಕ್ಯಾನ್ಸರ್‌ಗಳಲ್ಲಿ ಬಹಳ ಚೆನ್ನಾಗಿ ಹತೋಟಿಗೆ ಬರುವಂಥದ್ದು. ಪ್ಯಾಪಿಲರಿ ಜಾತಿಯದಾದರೆ 95%ಕ್ಕಿಂತ ಹೆಚ್ಚು ಮಕ್ಕಳು ದಶಕಗಳ ಕಾಲ ಬದುಕುತ್ತಾರೆ. ಓದುತ್ತಾರೆ, ಮದುವೆ ಆಗುತ್ತಾರೆ, ಅವರಿಗೂ ಮಕ್ಕಳಾಗುತ್ತವೆ.

ಡೋಸ್ ವಿಚಾರದಲ್ಲಿ ಇಷ್ಟು ಎಚ್ಚರ ಬೇಕಾಗುವುದೂ ಇದೇ ಕಾರಣಕ್ಕೆ. ಮಗುವಿನ ಮುಂದೆ ಅರವತ್ತು, ಎಪ್ಪತ್ತು ವರ್ಷ ಇದೆ. ಕಡಿಮೆ ಕೊಟ್ಟರೆ ಕಾಯಿಲೆ ಉಳಿಯುತ್ತದೆ. ಜಾಸ್ತಿ ಕೊಟ್ಟರೆ ಜೊಲ್ಲಿನ ಗ್ರಂಥಿ, ಎಲುಬಿನ ಮಜ್ಜೆ, ಶ್ವಾಸಕೋಶ ಇವಕ್ಕೆ ಪೆಟ್ಟು ಬೀಳುತ್ತದೆ. ಮುಂದೆ ಯಾವಾಗಲೋ ಇನ್ನೊಂದು ಕ್ಯಾನ್ಸರ್ ಬರುವ ಸಾಧ್ಯತೆಯೂ ಸ್ವಲ್ಪ ಏರುತ್ತದೆ. ನಿಮ್ಮ ಮಗುವಿಗೆ ಬರೆಯುವ ಮಿಲಿಕ್ಯೂರಿ (ರೇಡಿಯೋ ಅಯೋಡಿನ್ ಅಳೆಯುವ ಮಾನ) ಸಂಖ್ಯೆ ನಿಮ್ಮ ಮಗುವಿನ ದೇಹದಿಂದಲೇ ಹುಟ್ಟಬೇಕು. ಆ ಸಂಖ್ಯೆ ಹೇಗೆ ಬಂತು ಅಂತ ಕೇಳುವ ಹಕ್ಕು ನಿಮಗಿದೆ. ಅದು ಸರಿಯಾಗಿ ಬರುವಂತೆ ಮಾಡುವ ಕೆಲಸದಲ್ಲಿ ಮನೆಯವರ ಪಾಲೂ ದೊಡ್ಡದಿದೆ.

ಹೆಜ್ಜೆ 1: ಅಯೋಡಿನ್ ಬೇಕೇ ಬೇಕಾ ಅಂತ ಮೊದಲು ಕೇಳಿ

ಕುತ್ತಿಗೆಯಲ್ಲಿರುವ ಥೈರಾಯ್ಡ್ ಗ್ರಂಥಿಯ ಜೀವಕೋಶಗಳು ರಕ್ತದಿಂದ ಅಯೋಡಿನ್ ಎಳೆದುಕೊಳ್ಳುತ್ತವೆ. ಥೈರಾಯ್ಡ್‌ನಿಂದ ಹುಟ್ಟಿದ ಕ್ಯಾನ್ಸರ್ ಕೋಶಗಳೂ ಸ್ವಲ್ಪ ಮಟ್ಟಿಗೆ ಅದೇ ಕೆಲಸ ಮಾಡುತ್ತವೆ. ವಿಕಿರಣ ಸೂಸುವ ಅಯೋಡಿನ್-131 ಕೊಟ್ಟರೆ ಅದು ಆ ಕೋಶಗಳ ಒಳಗೇ ಹೋಗಿ ಕೂರುತ್ತದೆ. ಅದರ ಬೀಟಾ ಕಣಗಳು ಒಂದೆರಡು ಮಿಲಿಮೀಟರ್‌ಗಿಂತ ಆಚೆ ಹೋಗುವುದಿಲ್ಲ. ಕೂತ ಜಾಗದಲ್ಲೇ ಸುಡುತ್ತವೆ. ಥೈರಾಯ್ಡ್ ಕಾಯಿಲೆಗೆ ರೇಡಿಯೋ ಅಯೋಡಿನ್ ಬಳಸಲು ಶುರು ಮಾಡಿದ್ದು 1940ರ ದಶಕದಲ್ಲಿ. ಎಂಬತ್ತು ವರ್ಷದ ಅನುಭವ ಇರುವ ಔಷಧ ಇದು.

ಹಾಗಂತ ಆಪರೇಷನ್ ಆದ ಎಲ್ಲ ಮಕ್ಕಳಿಗೂ ಇದು ಬೇಕಾಗಿಲ್ಲ. ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲಿ ಮಕ್ಕಳಿಗಾಗಿಯೇ ಪ್ರತ್ಯೇಕ ಮಾರ್ಗಸೂಚಿ ಹೊರತಂದಿತು. ಕಾಯಿಲೆ ಗ್ರಂಥಿಯೊಳಗೇ ಇದ್ದು, ಪೂರ್ತಿ ತೆಗೆದಾಗಿದ್ದರೆ ಮಗು ಕಡಿಮೆ ಅಪಾಯದ ಗುಂಪಿಗೆ ಸೇರುತ್ತದೆ. ಅಂಥವರಿಗೆ ರಕ್ತಪರೀಕ್ಷೆ ಮತ್ತು ಕುತ್ತಿಗೆಯ ಸ್ಕ್ಯಾನಿಂಗ್ ಮೇಲೆ ನಿಗಾ ಇಟ್ಟರೆ ಸಾಕಾಗಬಹುದು. ಶ್ವಾಸಕೋಶಕ್ಕೆ ಹರಡಿದ್ದರೆ ಅಥವಾ ಮತ್ತೆ ಆಪರೇಷನ್ ಮಾಡಿ ತೆಗೆಯಲಾಗದ ಕಾಯಿಲೆ ಉಳಿದಿದ್ದರೆ, ಅದು ಅಯೋಡಿನ್ ಎಳೆದುಕೊಳ್ಳುವಂಥದ್ದಾದರೆ, ಚಿಕಿತ್ಸೆ ಬೇಕು. ನಡುವಿನ ಗುಂಪಿನ ಮಕ್ಕಳ ಬಗ್ಗೆ ಡಾಕ್ಟರುಗಳು ಕೂತು ಯೋಚಿಸಿ ತೀರ್ಮಾನಿಸುತ್ತಾರೆ.

"ಸರ್, ನಮ್ಮ ಹುಡುಗಿ ಯಾವ ಗುಂಪಿಗೆ ಬರುತ್ತಾಳೆ? ಕೊಡದೇ ಇದ್ದರೆ ಏನಾಗುತ್ತದೆ?" ಎಂದು ಸುಮ್ನೆ ನೇರವಾಗಿ ಕೇಳಿಬಿಡಿ. ಈ ಪ್ರಶ್ನೆಗೆ ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ.

ಹೆಜ್ಜೆ 2: ಫೈಲು, ಕಾರ್ಡು, ಪ್ರಯಾಣ

ಒಂದು ಫೈಲಿನಲ್ಲಿ ಆಪರೇಷನ್ ನೋಟ್, ಪೂರ್ತಿ ಬಯಾಪ್ಸಿ ರಿಪೋರ್ಟು, ಕುತ್ತಿಗೆಯ ಸ್ಕ್ಯಾನಿಂಗ್, ಎದೆಯ ಸಿ.ಟಿ., ಟಿಎಸ್‌ಎಚ್ (ಥೈರಾಯ್ಡ್ ಕೋಶಗಳನ್ನು ಚುರುಕುಗೊಳಿಸುವ ಹಾರ್ಮೋನು), ಥೈರೋಗ್ಲೋಬುಲಿನ್ (ಥೈರಾಯ್ಡ್ ಕೋಶಗಳು ತಯಾರಿಸುವ ಪ್ರೋಟೀನು, ಕಾಯಿಲೆ ಉಳಿದಿದೆಯಾ ಅಂತ ಇದರಿಂದ ನೋಡುತ್ತಾರೆ), ಕ್ಯಾಲ್ಸಿಯಂ ರಿಪೋರ್ಟುಗಳು ಇರಲಿ. ಇದರಲ್ಲಿ ಬಹಳ ಜನ ಮರೆಯುವ ವಿಷಯ ಒಂದಿದೆ: ಸಿ.ಟಿ. ಮಾಡುವಾಗ ಕೈಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಟ್ಟಿದ್ದರಾ, ಯಾವ ತಾರೀಖು? ಆ ಇಂಜೆಕ್ಷನ್ನಿನಲ್ಲಿ ವಿಪರೀತ ಅಯೋಡಿನ್ ಇರುತ್ತದೆ. ಅದು ದೇಹದಿಂದ ಇಳಿಯಲು ಎರಡು ಮೂರು ತಿಂಗಳು ಬೇಕು. ಅದಕ್ಕೂ ಮೊದಲು ರೇಡಿಯೋ ಅಯೋಡಿನ್ ಕೊಟ್ಟರೆ ಕೋಶಗಳು ಆಗಲೇ ಹೊಟ್ಟೆ ತುಂಬಿಸಿಕೊಂಡಿರುತ್ತವೆ, ಔಷಧ ವ್ಯರ್ಥ. ಫೈಲಿನ ಮೊದಲ ಹಾಳೆಯಲ್ಲೇ ಆ ತಾರೀಖನ್ನು ದೊಡ್ಡದಾಗಿ ಬರೆದಿಡಿ.

ಖರ್ಚಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಕಲಬುರಗಿಯವರು ಜಿಮ್ಸ್, ಬೀದರಿನವರು ಬ್ರಿಮ್ಸ್, ಯಾದಗಿರಿಯವರು ಅಲ್ಲಿನ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿ. ಕಲಬುರಗಿಯಲ್ಲಿ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವೂ ಇದೆ. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರಿಗೆ ‘ಥೈರಾಯ್ಡ್ ಕ್ಯಾನ್ಸರ್‌ಗೆ ಅಯೋಡಿನ್-131’ ಎಂದು ಹೆಸರು ಹಿಡಿದೇ ಹೇಳಿ. ಬರೀ ‘ಕ್ಯಾನ್ಸರ್ ಚಿಕಿತ್ಸೆ’ ಎಂದರೆ ಬೇರೆ ಪ್ಯಾಕೇಜ್ ಹುಡುಕುತ್ತಾ ಕೂರುತ್ತಾರೆ. ಹೈದರಾಬಾದ್, ಮುಂಬೈಗೆ ಹೋಗುವವರು ಆ ಆಸ್ಪತ್ರೆಯಲ್ಲಿ ಕಾರ್ಡು ನಡೆಯುತ್ತದಾ ಅಂತ ಫೋನ್ ಮಾಡಿ ಕೇಳಿಕೊಂಡೇ ಹೊರಡಿ.

ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿಬರಲು ರಿಯಾಯಿತಿ ಇದೆ. ಸ್ಲೀಪರ್ ಮತ್ತು 3 ಎಸಿಯಲ್ಲಿ ರೋಗಿಗೆ ಪೂರ್ತಿ, ಜೊತೆಗಾರರಿಗೆ 75%. ಆಸ್ಪತ್ರೆಯವರು ರೈಲ್ವೆ ಫಾರಂ ಮೇಲೆ ಸಹಿ ಹಾಕಿ ಕೊಡುತ್ತಾರೆ. ಉದ್ಯಾನ್ ಎಕ್ಸ್‌ಪ್ರೆಸ್ ಯಾದಗಿರಿ, ಕಲಬುರಗಿ ಎರಡೂ ಕಡೆ ನಿಲ್ಲುತ್ತದೆ, ಬೆಂಗಳೂರಿಗೂ ಮುಂಬೈಗೂ ಅನುಕೂಲ. ಬೀದರಿನವರಿಗೆ ಹೈದರಾಬಾದ್ ಹತ್ತಿರ. ಮುಂಬೈಯ ಪರೇಲ್‌ನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದ ರೇಡಿಯೇಷನ್ ಮೆಡಿಸಿನ್ ಸೆಂಟರ್ ಟಾಟಾ ಆಸ್ಪತ್ರೆಯ ಆವರಣದಲ್ಲೇ ಇದೆ. 1960ರ ದಶಕದಿಂದ ಥೈರಾಯ್ಡ್ ಚಿಕಿತ್ಸೆ ಮಾಡುತ್ತಾ ಬಂದ ಜಾಗ ಅದು.

ಹೆಜ್ಜೆ 3: ಸಂಖ್ಯೆ ಹೇಗೆ ಬರುತ್ತದೆ ಅಂತ ತಿಳಿದುಕೊಳ್ಳಿ

ಇದು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ.

ಎರಡು ಅಳತೆಗಳು ನಿಮ್ಮ ಕಿವಿಗೆ ಬೀಳುತ್ತವೆ. ಮಗು ಎಷ್ಟು ಅಯೋಡಿನ್ ಕುಡಿಯುತ್ತದೆ ಅನ್ನುವುದು ಮಿಲಿಕ್ಯೂರಿಯಲ್ಲಿ. ಕೆಲವು ಕಡೆ ಇದನ್ನೇ ಮೆಗಾಬೆಕರೆಲ್ ಎಂದು ಬರೆಯುತ್ತಾರೆ, 1 ಮಿಲಿಕ್ಯೂರಿ ಅಂದರೆ 37 ಮೆಗಾಬೆಕರೆಲ್. ಕುಡಿದ ಮೇಲೆ ರಕ್ತ, ಗಡ್ಡೆ, ಶ್ವಾಸಕೋಶ ಎಷ್ಟು ವಿಕಿರಣ ಹೀರಿದವು ಅನ್ನುವುದು ಗ್ರೇ ಅಳತೆಯಲ್ಲಿ. ಒಂದೇ ಮಿಲಿಕ್ಯೂರಿ ಕುಡಿದ ಇಬ್ಬರು ಮಕ್ಕಳಿಗೆ ಬೀಳುವ ಗ್ರೇ ಬೇರೆ ಬೇರೆ ಇರಬಹುದು. ಡೋಸ್ ಪ್ಲಾನಿಂಗ್ ಅಂದರೆ ಈ ವ್ಯತ್ಯಾಸವನ್ನು ಮೊದಲೇ ಕಂಡುಕೊಳ್ಳುವುದು.

ಸುಲಭದ ದಾರಿ ತೂಕದ ಲೆಕ್ಕ. ಮಗುವಿನ ಪ್ರತಿ ಕೆಜಿಗೆ 1ರಿಂದ 1.5 ಮಿಲಿಕ್ಯೂರಿ. 30 ಕೆಜಿ ಮಗುವಿಗೆ 30ರಿಂದ 45. ಇನ್ನೊಂದು ದಾರಿ, ದೊಡ್ಡವರ ಡೋಸನ್ನು ತೂಕಕ್ಕೆ ತಕ್ಕಂತೆ ಇಳಿಸುವುದು. 70 ಕೆಜಿಯ ದೊಡ್ಡವರಿಗೆ 100 ಎಂದಾದರೆ, 30 ಕೆಜಿಗೆ ಸುಮಾರು 43. ಮೂರನೆಯದು ಮೈಯ ಮೇಲ್ಮೈ ಲೆಕ್ಕ. 30 ಕೆಜಿ ಮಗುವಿನ ಮೇಲ್ಮೈ ಹೆಚ್ಚುಕಡಿಮೆ 1.05 ಚದರ ಮೀಟರ್, ದೊಡ್ಡವರದು 1.73 ಎಂದು ಹಿಡಿಯುತ್ತಾರೆ. ಆ ಪ್ರಕಾರ ದೊಡ್ಡವರ 100 ಮಿಲಿಕ್ಯೂರಿ ಈ ಮಗುವಿಗೆ ಸುಮಾರು 61 ಆಗುತ್ತದೆ.

ನೋಡಿ, ಅದೇ ಮಗು, ಅದೇ ಕಾಯಿಲೆ. ಒಂದು ಲೆಕ್ಕಕ್ಕೆ 30, ಇನ್ನೊಂದಕ್ಕೆ 61. ಎರಡೂ ವೈದ್ಯರು ಒಪ್ಪಿ ಬಳಸುವ ಲೆಕ್ಕಗಳೇ. ‘ಅಲ್ಲಿ ಅಷ್ಟು ಹೇಳಿದರು, ಇಲ್ಲಿ ಇಷ್ಟು ಹೇಳುತ್ತಿದ್ದಾರೆ’ ಅಂತ ಎರಡು ಆಸ್ಪತ್ರೆ ನೋಡಿ ಬಂದವರು ಗಾಬರಿ ಬೀಳುವುದು ಇಲ್ಲೇ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಸೂತ್ರ ಬೇರೆ, ಅಷ್ಟೇ.

ಸೂತ್ರಕ್ಕೆ ಮಗುವಿನ ತೂಕ, ಎತ್ತರ ಗೊತ್ತು. ಮಗುವಿನ ಕಿಡ್ನಿ ಎಷ್ಟು ಬೇಗ ಅಯೋಡಿನ್ ಹೊರಹಾಕುತ್ತದೆ, ಶ್ವಾಸಕೋಶದಲ್ಲಿ ಎಷ್ಟು ಕೂತು ಉಳಿಯುತ್ತದೆ, ಇದು ಸೂತ್ರಕ್ಕೆ ಗೊತ್ತಿಲ್ಲ. ಅಯೋಡಿನ್-131 ತನ್ನಷ್ಟಕ್ಕೆ ಅರ್ಧವಾಗಲು 8 ದಿನ ಬೇಕು. ಜೊತೆಗೆ ದೇಹವೂ ಅದನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತಿರುತ್ತದೆ. ಒಂದು ಮಗುವಿನ ದೇಹ ಒಂದು ದಿನದಲ್ಲಿ ಅರ್ಧ ಹೊರಹಾಕಿದರೆ, ಎರಡೂ ಸೇರಿ ಸುಮಾರು 21 ಗಂಟೆಯಲ್ಲಿ ಅರ್ಧ ಖಾಲಿ. ಇನ್ನೊಂದು ಮಗುವಿಗೆ ಅದೇ ಕೆಲಸಕ್ಕೆ ಎರಡು ದಿನ ಹಿಡಿದರೆ ಸುಮಾರು 38 ಗಂಟೆ. ಇಬ್ಬರಿಗೂ 40 ಮಿಲಿಕ್ಯೂರಿ ಕೊಟ್ಟರೂ ಎರಡನೆಯ ಮಗುವಿನ ಮೈಗೆ ಬೀಳುವ ವಿಕಿರಣ ಹತ್ತಿರ ಹತ್ತಿರ ಎರಡು ಪಟ್ಟು.

ಇದನ್ನು ಅಳೆದು ನೋಡಿ ಡೋಸ್ ಬರೆಯುವುದಕ್ಕೆ ಡೋಸಿಮೆಟ್ರಿ ಎನ್ನುತ್ತಾರೆ. ಮೊದಲು ಬಹಳ ಚಿಕ್ಕ ಪ್ರಮಾಣದ ಅಯೋಡಿನ್ ಕೊಟ್ಟು, ನಾಲ್ಕೈದು ದಿನ ಅದು ದೇಹದಲ್ಲಿ ಹೇಗೆ ಓಡಾಡುತ್ತದೆ ಅಂತ ಗಮನಿಸುತ್ತಾರೆ. ಅದರಿಂದ ಮೇಲಿನ ಗೆರೆ ಸಿಗುತ್ತದೆ. ನ್ಯೂಯಾರ್ಕಿನಲ್ಲಿ ಬೆನುವಾ ಮತ್ತು ಸಂಗಡಿಗರು 1962ರಲ್ಲಿ ಹಾಕಿಕೊಟ್ಟ ಗೆರೆ ಇಂದಿಗೂ ಬಳಕೆಯಲ್ಲಿದೆ: ರಕ್ತಕ್ಕೆ ಬೀಳುವುದು 2 ಗ್ರೇ ಮೀರಬಾರದು. ರಕ್ತ ತಯಾರಾಗುವ ಮಜ್ಜೆ ಅದಕ್ಕಿಂತ ಜಾಸ್ತಿ ತಡೆಯುವುದಿಲ್ಲ. ಉದಾಹರಣೆಗೆ, ಒಂದು ಮಗುವಿಗೆ ಪ್ರತಿ 10 ಮಿಲಿಕ್ಯೂರಿಗೆ ರಕ್ತಕ್ಕೆ 0.2 ಗ್ರೇ ಬೀಳುತ್ತದೆ ಎಂದು ಅಳತೆಯಲ್ಲಿ ಬಂತು ಅಂದುಕೊಳ್ಳಿ. ಆ ಮಗುವಿಗೆ ಮೇಲಿನ ಗೆರೆ 100 ಮಿಲಿಕ್ಯೂರಿ.

ಶ್ವಾಸಕೋಶದ ತುಂಬ ಚಿಕ್ಕ ಚಿಕ್ಕ ಚುಕ್ಕೆಗಳಂತೆ ಹರಡಿದ್ದರೆ ಇನ್ನೊಂದು ಗೆರೆಯೂ ಇದೆ. ದೊಡ್ಡವರಲ್ಲಿ, ಕುಡಿದ 48 ಗಂಟೆಯ ಹೊತ್ತಿಗೆ ದೇಹದಲ್ಲಿ ಉಳಿದದ್ದು 80 ಮಿಲಿಕ್ಯೂರಿ ದಾಟಬಾರದು. ಮಕ್ಕಳಿಗೆ ಗಾತ್ರ ನೋಡಿ ಇದನ್ನು ಇನ್ನೂ ಇಳಿಸುತ್ತಾರೆ. ಇದು ದಾಟಿದರೆ ಶ್ವಾಸಕೋಶ ಗಟ್ಟಿಯಾಗುವ ಅಪಾಯವಿದೆ. ಒಮ್ಮೆ ಗಟ್ಟಿಯಾದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ. ಅದಕ್ಕೇ ಇಂಥ ಮಕ್ಕಳಿಗೆ ಊದಿಸಿ ಮಾಡುವ ಶ್ವಾಸಕೋಶದ ಪರೀಕ್ಷೆಯನ್ನು ಚಿಕಿತ್ಸೆಗೆ ಮೊದಲೂ ಆಮೇಲೂ ಮಾಡಿಸುತ್ತಾರೆ.

ಇಲ್ಲಿ ನನ್ನ ಅಭಿಪ್ರಾಯ ಖಡಕ್ಕಾಗಿ ಹೇಳುತ್ತೇನೆ. ಮೇಲಿನ ಗೆರೆ ಅಂದರೆ ಅಲ್ಲಿಯವರೆಗೆ ಕೊಡಲೇಬೇಕು ಅಂತ ಅಲ್ಲ. ಅದಕ್ಕಿಂತ ಮೇಲೆ ಹೋಗಬಾರದು ಅಂತ. ಮಗುವಿನ ವಿಷಯದಲ್ಲಿ ‘ಕಾಯಿಲೆಗೆ ಸಾಕಾಗುವಷ್ಟು’ ಅನ್ನುವುದೇ ಗುರಿ ಆಗಬೇಕು. ಆ ‘ಸಾಕಾಗುವಷ್ಟು’ ತಿಳಿಯಲು ಗಡ್ಡೆ ಅಥವಾ ಗಂಟು ಎಷ್ಟು ಗ್ರೇ ಹೀರುತ್ತದೆ ಅಂತ ನೋಡುತ್ತಾರೆ. ಗಂಟುಗಳಿಗೆ ಸುಮಾರು 80 ಗ್ರೇ ಬಿದ್ದರೆ ಒಳ್ಳೆಯ ಫಲ ಸಿಗುತ್ತದೆ ಎಂಬುದು 1980ರ ದಶಕದಿಂದ ಬಂದ ತಿಳಿವಳಿಕೆ. ಗಂಟಿನ ಅಳತೆಗೆ ಸ್ಪೆಕ್ಟ್-ಸಿಟಿ (ಅಯೋಡಿನ್ ಎಲ್ಲಿ ಕೂತಿದೆ ಅಂತ ಮೂರು ಆಯಾಮದಲ್ಲಿ ತೋರಿಸುವ) ಸ್ಕ್ಯಾನ್ ಬೇಕು.

ಎಲ್ಲ ಮಗುವಿಗೂ ಇಷ್ಟೆಲ್ಲ ಬೇಕಾ? ಬೇಡ. ಒಂದೇ ಸಲ, ಕಡಿಮೆ ಡೋಸ್ ಸಾಕು ಅನ್ನುವ ಮಗುವಿಗೆ ತೂಕದ ಲೆಕ್ಕವೇ ಸಾಕು. ಸಣ್ಣ ಮಗು, ಶ್ವಾಸಕೋಶದ ತುಂಬ ಹರಡಿದ ಕಾಯಿಲೆ, ಕಿಡ್ನಿಯ ತೊಂದರೆ, ಹಿಂದೆ ಒಂದೆರಡು ಡೋಸ್ ಆಗಿದ್ದು ಮತ್ತೆ ಬೇಕು ಎಂಬ ಸ್ಥಿತಿ, ಇಂಥ ಕಡೆ ಡೋಸಿಮೆಟ್ರಿ ಕೇಳಲೇಬೇಕು. ಕೇಳುವ ಮಾತು ಇಷ್ಟೇ ಇರಲಿ: "ಮೇಡಂ, ಇಷ್ಟು ಮಿಲಿಕ್ಯೂರಿ ಅಂತ ಯಾವ ಲೆಕ್ಕದಿಂದ ಬಂತು? ನಮ್ಮ ಹುಡುಗನಿಗೆ ರಕ್ತದ ಡೋಸಿಮೆಟ್ರಿ ಮಾಡಿದರೆ ಸಂಖ್ಯೆ ಬದಲಾಗುತ್ತದಾ?"

ಹೆಜ್ಜೆ 4: ಎರಡು ವಾರದ ಪಥ್ಯ

ಕೋಶಗಳಿಗೆ ಅಯೋಡಿನ್ ಹಸಿವು ಹುಟ್ಟಿಸಬೇಕು. ಬಿರುಕು ಬಿಟ್ಟ ಹೊಲ ಮೊದಲ ಮಳೆ ಹೀರುವ ಹಾಗೆ ಅವು ಔಷಧವನ್ನು ಹೀರಬೇಕು. ಅದಕ್ಕೆ ಎರಡು ಕೆಲಸ. ಥೈರಾಕ್ಸಿನ್ ಮಾತ್ರೆ (ಆಪರೇಷನ್ ಆದ ಮೇಲೆ ಗ್ರಂಥಿಯ ಬದಲಿಗೆ ಕೊಡುವ ಥೈರಾಯ್ಡ್ ಹಾರ್ಮೋನು) ನಿಲ್ಲಿಸಿ ಟಿಎಸ್‌ಎಚ್ ಅನ್ನು 30ಕ್ಕಿಂತ ಮೇಲೆ ಏರಿಸುವುದು, ಮತ್ತು ಊಟದಲ್ಲಿ ಅಯೋಡಿನ್ ಕಡಿಮೆ ಮಾಡುವುದು. ಮಕ್ಕಳಲ್ಲಿ ಟಿಎಸ್‌ಎಚ್ ಬೇಗ ಏರುತ್ತದೆ, ಸಾಮಾನ್ಯವಾಗಿ 14 ದಿನ ಸಾಕು. ದೊಡ್ಡವರಂತೆ ಮೂರ್ನಾಲ್ಕು ವಾರ ನಿಲ್ಲಿಸುವುದು ಬೇಡ. ತಾರೀಖು ಡಾಕ್ಟರೇ ಹೇಳಬೇಕು, ನೀವಾಗಿ ನಿಲ್ಲಿಸಬೇಡಿ. ಆ ದಿನಗಳಲ್ಲಿ ಮಗು ಮಂಕಾಗುತ್ತದೆ, ಜಾಸ್ತಿ ಮಲಗುತ್ತದೆ, ಮಲಬದ್ಧತೆ ಆಗುತ್ತದೆ. ಬೈಯಬೇಡಿ, ಓದು ಅಂತ ಒತ್ತಾಯ ಮಾಡಬೇಡಿ.

ಒಂದು ಎಚ್ಚರ. ಥೈರಾಕ್ಸಿನ್ ನಿಲ್ಲಿಸಿ ಎಂದರೆ ಕ್ಯಾಲ್ಸಿಯಂ ನಿಲ್ಲಿಸಿ ಅಂತ ಅರ್ಥ ಅಲ್ಲ. ಆಪರೇಷನ್ ಆದ ಮೇಲೆ ಎಷ್ಟೋ ಮಕ್ಕಳಿಗೆ ಕ್ಯಾಲ್ಸಿಯಂ ಕೊರತೆ ಇರುತ್ತದೆ. ಪಥ್ಯದಲ್ಲಿ ಹಾಲು ಮೊಸರೂ ಇರುವುದಿಲ್ಲ. ಬೆರಳು, ತುಟಿ ಜುಮ್ಮೆಂದರೆ, ಕೈ ಸೆಟೆದರೆ ಕೂಡಲೇ ಆಸ್ಪತ್ರೆಗೆ ಹೋಗಿ.

ಪಥ್ಯದ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಮನೆಯ ಬಿಸಿ ಜೋಳದ ರೊಟ್ಟಿಗೆ ಹೆಚ್ಚಾಗಿ ಉಪ್ಪು ಹಾಕುವುದೇ ಇಲ್ಲ. ತೊಗರಿ ಬೇಳೆ, ಪುಂಡಿ ಪಲ್ಯ, ಬದನೆ, ಹೀರೆ, ಅನ್ನ, ಹಣ್ಣು, ಬೆಲ್ಲ ಎಲ್ಲವೂ ನಡೆಯುತ್ತದೆ. ಶೇಂಗಾ ಹಿಂಡಿ ಮನೆಯಲ್ಲೇ ಅಯೋಡಿನ್ ಇಲ್ಲದ ಉಪ್ಪಿನಲ್ಲಿ ಬೇರೆಯಾಗಿ ಕುಟ್ಟಿಡಿ. ಬೇಡವಾದದ್ದು: ಅಯೋಡಿನ್ ಉಪ್ಪು, ಹಾಲು, ಮೊಸರು, ಮಜ್ಜಿಗೆ, ಪೇಡಾ, ಮೊಟ್ಟೆಯ ಹಳದಿ, ಸಮುದ್ರದ ಮೀನು, ಬೇಕರಿ ಬ್ರೆಡ್ಡು, ಖಾರಿ, ಚಿಪ್ಸು, ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಚುರುಮುರಿ, ಹೋಟೆಲ್ ಊಟ. ಚಹಾ ಬೇಕೆಂದರೆ ಹಾಲಿಲ್ಲದ್ದು. ಕಷ್ಟ ಇರುವುದು ಮಜ್ಜಿಗೆಯಲ್ಲಿ. ಏಪ್ರಿಲ್ ಬಿಸಿಲಿನಲ್ಲಿ ಅಜ್ಜಿ ಒಂದು ಲೋಟ ಮಜ್ಜಿಗೆ ಕೊಡದೆ ಇರಲಾರರು. ಅವರನ್ನು ಕೂರಿಸಿಕೊಂಡು ಮೊದಲೇ ಹೇಳಿ, ಬದಲಿಗೆ ನಿಂಬೆ ಪಾನಕ ಕೊಡಲಿ.

ಉಪ್ಪು ದಪ್ಪಗಿದೆ, ಗುಲಾಬಿ ಬಣ್ಣದ್ದಿದೆ ಅಂದಮಾತ್ರಕ್ಕೆ ಅಯೋಡಿನ್ ಇಲ್ಲ ಅಂತ ಅಲ್ಲ. ಪಾಕೀಟಿನ ಮೇಲೆ ಓದಿ, ಸಂಶಯ ಇದ್ದರೆ ಫೋಟೋ ತೆಗೆದು ಆಸ್ಪತ್ರೆಯವರಿಗೆ ತೋರಿಸಿ. ಉಪ್ಪನ್ನು ಪೂರ್ತಿ ಬಿಡಿಸುವುದೂ ಸರಿಯಲ್ಲ. ಥೈರಾಕ್ಸಿನ್ ಇಲ್ಲದ ದಿನಗಳಲ್ಲಿ ಸೋಡಿಯಂ ಇಳಿದುಬಿಡಬಹುದು.

ಊಟದ ಆಚೆಗೂ ಅಯೋಡಿನ್ ಇದೆ. ಮಗು ಬಿದ್ದು ಮೊಣಕಾಲು ತರಚಿದರೆ ಊರಿನ ಕ್ಲಿನಿಕ್ಕಿನಲ್ಲಿ ಮೊದಲು ಹಚ್ಚುವುದೇ ಬೆಟಾಡಿನ್. ಅದರಲ್ಲಿ ಇರುವುದೇ ಅಯೋಡಿನ್, ಬೇಡ ಎನ್ನಿ. ಕೆಂಪು ಬಣ್ಣದ ಕೆಲವು ಸಿರಪ್, ಮಾತ್ರೆ, ಮಿಠಾಯಿಗಳಲ್ಲಿ ಎರಿತ್ರೋಸಿನ್ ಎಂಬ ಅಯೋಡಿನ್ ಇರುವ ಬಣ್ಣ ಇರುತ್ತದೆ. ಮಲ್ಟಿವಿಟಮಿನ್ ಕೂಡ ಕೇಳದೆ ಕೊಡಬೇಡಿ.

ಹೆಜ್ಜೆ 5: ಅಳತೆಯ ದಿನಗಳು

ಡೋಸಿಮೆಟ್ರಿ ಮಾಡುತ್ತಾರೆ ಅಂದರೆ ಆಸ್ಪತ್ರೆಯ ಹತ್ತಿರವೇ ಐದಾರು ದಿನ ಇರುವ ವ್ಯವಸ್ಥೆ ಮಾಡಿಕೊಳ್ಳಿ.

ಮೊದಲ ದಿನ ಮಗುವಿಗೆ ಚಿಕ್ಕ ಪ್ರಮಾಣದ ಅಯೋಡಿನ್ ಕುಡಿಸುತ್ತಾರೆ. ಆಮೇಲೆ ಮೀಟರಿನ ಎದುರು ನಿಲ್ಲಿಸಿ ಅಥವಾ ಕೂರಿಸಿ ಅಳೆಯುತ್ತಾರೆ. ಒಮ್ಮೆ ಎದೆ ಮುಂದೆ, ಒಮ್ಮೆ ಬೆನ್ನು ಮುಂದೆ, ದೂರ ಪ್ರತಿ ಸಲವೂ ಒಂದೇ. ಮೊದಲ ಅಳತೆ ಆಗುವವರೆಗೆ ಮಗು ಮೂತ್ರಕ್ಕೆ ಹೋಗಬಾರದು. ಕುಡಿದದ್ದೆಲ್ಲ ಇನ್ನೂ ಒಳಗೇ ಇದೆ, ಇದೇ ನೂರಕ್ಕೆ ನೂರು ಅಂತ ಆ ಅಳತೆಯನ್ನು ಹಿಡಿಯುತ್ತಾರೆ. ಮುಂದಿನ ಎಲ್ಲ ಲೆಕ್ಕ ಇದರ ಮೇಲೆ ನಿಂತಿದೆ. ಮಗು ನಡುವೆ ಓಡಿಹೋಗಿ ಬಂದರೆ ಮುಚ್ಚಿಡದೆ ಹೇಳಿ, ಅವರು ಲೆಕ್ಕದಲ್ಲಿ ಸರಿಮಾಡಿಕೊಳ್ಳುತ್ತಾರೆ. ಕುಡಿಸುವ ಮೊದಲೇ ಬಾತ್‌ರೂಮಿಗೆ ಕರೆದುಕೊಂಡು ಹೋಗಿ ಬನ್ನಿ, ಆಗ ಈ ತೊಂದರೆಯೇ ಇಲ್ಲ.

ಆಮೇಲೆ 24, 48, 72, 96 ಗಂಟೆಗೆ ಮತ್ತೆ ಅಳತೆ. ಜೊತೆಗೆ ಪ್ರತಿ ಸಲ ಸ್ವಲ್ಪ ರಕ್ತ. ಸೂಜಿಗೆ ಹೆದರುವ ಮಗುವಾದರೆ ಚರ್ಮ ಮರಗಟ್ಟಿಸುವ ಕ್ರೀಮು ಇದೆಯಾ ಅಂತ ನರ್ಸಮ್ಮನವರನ್ನು ಕೇಳಿ. ಭಾನುವಾರ ಬಂತು, ದರ್ಗಾಕ್ಕೆ ಹೋಗಿ ಬರುತ್ತೇವೆ, ನೆಂಟರ ಮನೆಗೆ ಹೋಗಿ ಬರುತ್ತೇವೆ ಅಂತ ಒಂದು ಅಳತೆ ಬಿಟ್ಟರೆ ಇಳಿಯುವ ಗೆರೆಯ ಮಧ್ಯೆ ತೂತು ಬೀಳುತ್ತದೆ. ಕೊನೆಯ ಅಳತೆಗಳು ಬಹಳ ಮುಖ್ಯ. ಶ್ವಾಸಕೋಶದಲ್ಲಿ ಎಷ್ಟು ಗಟ್ಟಿಯಾಗಿ ಹಿಡಿದು ಕೂತಿದೆ ಅಂತ ಗೊತ್ತಾಗುವುದೇ 72, 96ನೇ ಗಂಟೆಗೆ.

ಈ ದಿನಗಳಲ್ಲೂ ಪಥ್ಯ ಮುಂದುವರಿಯಬೇಕು, ಥೈರಾಕ್ಸಿನ್ ಕೊಡಬಾರದು. ಅಳೆಯುವಾಗಿನ ದೇಹದ ಸ್ಥಿತಿ, ಔಷಧ ಕೊಡುವಾಗಿನ ಸ್ಥಿತಿ ಒಂದೇ ಇದ್ದರೆ ಮಾತ್ರ ಲೆಕ್ಕ ಹೊಂದುತ್ತದೆ. ತೂಕವನ್ನೂ ಅದೇ ವಾರ ತೂಗಿಸಿ, ಚಪ್ಪಲಿ ಸ್ವೆಟರ್ ಬಿಚ್ಚಿಸಿ. ಹಳೇ ಚೀಟಿಯ ತೂಕ ಹೇಳಬೇಡಿ. ಬೆಳೆಯುವ ಮಗು, ಆರು ತಿಂಗಳಲ್ಲಿ ಮೂರು ಕೆಜಿ ಏರಿರುತ್ತದೆ.

ಮೈನೆರೆದ ಹುಡುಗಿಯಾದರೆ ಗರ್ಭದ ಪರೀಕ್ಷೆ ಮಾಡುತ್ತಾರೆ. ಅನುಮಾನದಿಂದಲ್ಲ, ಎಲ್ಲರಿಗೂ ಒಂದೇ ನಿಯಮ. ಅವಳಿಗೆ ತಾಯಿಯೇ ಮೊದಲು ತಿಳಿಸಿ ಹೇಳುವುದು ಒಳ್ಳೆಯದು. ದೊಡ್ಡ ಹುಡುಗರಿಗೆ ಮತ್ತೆ ಮತ್ತೆ ಡೋಸ್ ಬೇಕಾಗುವಂತಿದ್ದರೆ ಮುಂದಿನ ಸಂತಾನದ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.

ಹೆಜ್ಜೆ 6: ವಾರ್ಡಿನ ಒಳಗೆ

ಔಷಧ ಕ್ಯಾಪ್ಸೂಲ್ ಅಥವಾ ನೀರಿನ ರೂಪದಲ್ಲಿ ಇರುತ್ತದೆ. ನಮ್ಮ ದೇಶದಲ್ಲಿ ಬ್ರಿಟ್ ಎಂಬ ಸರ್ಕಾರಿ ಸಂಸ್ಥೆ ಎರಡನ್ನೂ ಪೂರೈಸುತ್ತದೆ. ನೀರಿನದಾದರೆ ಸೀಸದ ಡಬ್ಬಿಯೊಳಗಿನ ಶೀಷೆಯಿಂದ ಸ್ಟ್ರಾದಲ್ಲಿ ಹೀರಬೇಕು, ರುಚಿ ಹೆಚ್ಚುಕಡಿಮೆ ನೀರಿನಂತೆಯೇ. ಮನೆಯಲ್ಲಿ ಒಂದು ವಾರ ಮೊದಲೇ ಅಭ್ಯಾಸ ಮಾಡಿಸಿ. ಸ್ಟ್ರಾದಲ್ಲಿ ನೀರು ಹೀರಿ, ಒಂದು ಹನಿಯೂ ಚೆಲ್ಲದೆ ನುಂಗುವ ಆಟ. ಕ್ಯಾಪ್ಸೂಲ್ ಆದರೆ ಮೊದಲು ಚಿಕ್ಕ ಮಾತ್ರೆ, ಆಮೇಲೆ ದೊಡ್ಡದು. ವಾಂತಿ ಆಗದಂತೆ ಮೊದಲೇ ಔಷಧ ಕೊಡುತ್ತಾರೆ.

ಆಮೇಲೆ ಮಗು ಪ್ರತ್ಯೇಕ ಕೋಣೆಯಲ್ಲಿ ಕೆಲವು ದಿನ ಇರಬೇಕು. ಮಕ್ಕಳಿಗೆ ಇದೇ ಕಷ್ಟದ ಭಾಗ. ಸಣ್ಣ ಮಗುವಾದರೆ ತಂದೆ ಅಥವಾ ತಾಯಿ ಅಡ್ಡಹಲಗೆಯ ಆಚೆ ಇರಲು ಅವಕಾಶ ಕೊಡುತ್ತಾರಾ ಕೇಳಿ. ಗರ್ಭಿಣಿ ತಾಯಿ ಖಂಡಿತ ಹೋಗಬಾರದು. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಡಿ. ಪ್ರೀತಿಯ ಬಟ್ಟೆಯ ಗೊಂಬೆ ಬೇಡ, ಅದಕ್ಕೆ ಅಯೋಡಿನ್ ತಾಗಿದರೆ ಅಲ್ಲೇ ಬಿಟ್ಟು ಬರಬೇಕಾಗುತ್ತದೆ, ಮಗು ಅದಕ್ಕೂ ಅಳುತ್ತದೆ. ತೊಳೆಯಲು ಬರುವ ಆಟಿಕೆ ಕೊಡಿ.

ಒಳಗೆ ಮಗುವಿಗೆ ಮೂರು ಕೆಲಸ. ನೀರು ಜಾಸ್ತಿ ಕುಡಿಯುವುದು, ಮತ್ತೆ ಮತ್ತೆ ಮೂತ್ರಕ್ಕೆ ಹೋಗುವುದು, ದಿನಾ ಮಲವಿಸರ್ಜನೆ ಆಗುವಂತೆ ನೋಡಿಕೊಳ್ಳುವುದು. ಗೋಡೆಯ ಗಡಿಯಾರ ನೋಡಿ ಗಂಟೆಗೊಂದು ಲೋಟ ಅಂತ ವಿಡಿಯೋ ಕಾಲ್‌ನಲ್ಲಿ ನೀವೇ ನೆನಪಿಸಿ. ಜೊಲ್ಲು ಬರಿಸಲು ಹುಳಿ ಮಿಠಾಯಿ ಯಾವಾಗ ಶುರು ಮಾಡಬೇಕು ಅಂತ ಅಲ್ಲಿನವರು ಹೇಳಿದ ಹೊತ್ತಿಗೇ ಕೊಡಿ, ನಿಮ್ಮಷ್ಟಕ್ಕೆ ಬೇಡ. ಕೆನ್ನೆ ಊದಿ ನೋವು ಬಂದರೆ ತಿಳಿಸಿ.

ಹೆಜ್ಜೆ 7: ವಾಪಸ್ ಪ್ರಯಾಣ, ಮನೆ

ಮೀಟರಿನ ಅಳತೆ ನಿಯಮದ ಮಿತಿಗಿಂತ ಕೆಳಗಿಳಿದ ಮೇಲೆಯೇ ಬಿಡುತ್ತಾರೆ. ಆದರೆ ಬಿಟ್ಟ ದಿನವೇ ತುಂಬಿದ ಬಸ್ಸಿನಲ್ಲಿ ಹತ್ತು ಹನ್ನೆರಡು ಗಂಟೆ ಪಕ್ಕದವರಿಗೆ ಒತ್ತಿಕೊಂಡು ಬರುವುದು ಸರಿಯಲ್ಲ. ಪಕ್ಕದ ಸೀಟಿನಲ್ಲಿ ಬಸುರಿ ಹೆಂಗಸು ಕೂತಿರಬಹುದು. "ನಮ್ಮ ಊರು ಯಾದಗಿರಿ, ಯಾವಾಗ ಹೊರಡಬಹುದು, ಹೇಗೆ ಹೋಗಬೇಕು?" ಎಂದು ವಿಕಿರಣ ಸುರಕ್ಷತಾ ಅಧಿಕಾರಿಯನ್ನು ಕೇಳಿ. ಅವರಿಗೆ ನಿಮ್ಮ ದೂರ ಗೊತ್ತಿರುವುದಿಲ್ಲ, ನೀವೇ ಹೇಳಬೇಕು. ಸಾಧ್ಯವಿದ್ದರೆ ಒಂದೆರಡು ದಿನ ಅಲ್ಲೇ ಇದ್ದು, ಕಾರಿನಲ್ಲಿ ಮಗುವನ್ನು ಹಿಂದಿನ ಸೀಟಿನ ಮೂಲೆಗೆ ಕೂರಿಸಿ ಬನ್ನಿ. ಡಿಸ್ಚಾರ್ಜ್ ಪತ್ರ ಕೈಯಲ್ಲಿರಲಿ.

ಮನೆಯಲ್ಲಿ ನೆನಪಿಡಬೇಕಾದ್ದು ದೂರ ಮತ್ತು ಹೊತ್ತು. ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿದರೆ ಬೀಳುವ ವಿಕಿರಣ ಸುಮಾರು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಅವರು ಹೇಳಿದಷ್ಟು ದಿನ ಮಗು ಬೇರೆ ಹಾಸಿಗೆಯಲ್ಲಿ ಮಲಗಲಿ. ಕೂಡು ಕುಟುಂಬದಲ್ಲಿ ಬಸುರಿ ಕಾಕಿಯೋ, ಹಸುಗೂಸೋ ಇದ್ದರೆ ಅವರನ್ನು ಕೆಲವು ದಿನ ತವರಿಗೆ ಕಳಿಸುವುದು ಸುಲಭದ ದಾರಿ. ಕೂತು ಮೂತ್ರ ಮಾಡಿಸಿ, ಎರಡು ಸಲ ನೀರು ಹಾಕಿ. ಬಯಲಿಗೆ ಕಳಿಸಬೇಡಿ. ಬಟ್ಟೆ, ತಟ್ಟೆ ಬೇರೆ ತೊಳೆಯಿರಿ. ಶಾಲೆ, ಮದುವೆ ಮನೆ, ಶರಣಬಸವೇಶ್ವರ ಜಾತ್ರೆ, ಬಂದೇನವಾಜರ ಉರುಸು, ಈ ಗದ್ದಲಗಳೆಲ್ಲ ಸ್ವಲ್ಪ ದಿನ ಬೇಡ.

ಓಣಿಯವರು ಏನಾದರೂ ಅಂದರೆ ಹೇಳಿ: ಇದು ಅಂಟುರೋಗ ಅಲ್ಲ. ದಿನ ಕಳೆದಂತೆ ತಾನೇ ಹೋಗುತ್ತದೆ. ಮಗುವಿನ ಮುಂದೆ ‘ಅದರ ಹತ್ತಿರ ಹೋಗಬ್ಯಾಡ್ರಿ’ ಎಂದು ಯಾರೂ ಕಿರುಚಬಾರದು. ಎರಡು ಮೀಟರ್ ಆಚೆ ಕೂತು ಕತೆ ಹೇಳಬಹುದು, ಚೌಕಾಬಾರಾ ಮನೆ ಹಾಕಿ ಅದರ ಪರವಾಗಿ ಕಾಯಿ ನಡೆಸಬಹುದು.

ಹೆಜ್ಜೆ 8: ಮುಂದಿನ ಡೋಸಿಗೂ ಈ ಸಲದ ಲೆಕ್ಕ ಬೇಕು

ಔಷಧ ಕೊಟ್ಟ 4ರಿಂದ 7 ದಿನದೊಳಗೆ ಇಡೀ ದೇಹದ ಸ್ಕ್ಯಾನ್ ಮಾಡುತ್ತಾರೆ. ಕಾಯಿಲೆ ಎಲ್ಲೆಲ್ಲಿ ಅಯೋಡಿನ್ ಹಿಡಿದಿದೆ ಅಂತ ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಥೈರಾಕ್ಸಿನ್ ಮತ್ತೆ ಯಾವತ್ತಿನಿಂದ ಎಂದು ಕೇಳಿಕೊಂಡೇ ಆಸ್ಪತ್ರೆ ಬಿಡಿ.

ಶ್ವಾಸಕೋಶದ ಕಾಯಿಲೆ ನಿಧಾನಕ್ಕೆ ಕರಗುತ್ತದೆ. ಒಂದು ಡೋಸಿನ ಫಲ ವರ್ಷಗಟ್ಟಲೆ ಬರುತ್ತಲೇ ಇರುತ್ತದೆ, ಥೈರೋಗ್ಲೋಬುಲಿನ್ ಇಳಿಯುತ್ತಲೇ ಇರುತ್ತದೆ. ಮೊದಲ ಡೋಸ್ ಆಗಿ ಕನಿಷ್ಠ 12 ತಿಂಗಳು ಕಾದು ನೋಡಬೇಕು ಅನ್ನುವುದು ಇದಕ್ಕೇ. ‘ಇನ್ನೂ ಸ್ವಲ್ಪ ಉಳಿದಿದೆಯಂತೆ, ಬೇಗ ಇನ್ನೊಂದು ಕೊಡಿಸಿಬಿಡೋಣ’ ಎಂದು ಅವಸರ ಮಾಡಬೇಡಿ. ಸಂಖ್ಯೆ ಇಳಿಯುತ್ತಿದೆ ಅಂದರೆ ಔಷಧ ಇನ್ನೂ ಕೆಲಸ ಮಾಡುತ್ತಿದೆ. ಮತ್ತೆ ಬೇಕೇ ಆದರೆ, ಹಿಂದಿನ ಸಲ ಗಂಟು ಅಯೋಡಿನ್ ಹಿಡಿದಿತ್ತಾ, ಫಲ ಬಂತಾ, ರಕ್ತದ ಕಣಗಳು ಎಷ್ಟಕ್ಕೆ ಇಳಿದು ಯಾವಾಗ ಮೊದಲಿನ ಮಟ್ಟಕ್ಕೆ ಬಂದವು, ಶ್ವಾಸದ ಪರೀಕ್ಷೆ ಹೇಗಿತ್ತು, ಇವೆಲ್ಲ ನೋಡಿ ಹೊಸದಾಗಿ ಲೆಕ್ಕ ಹಾಕಬೇಕು. ಹಿಡಿದೇ ಇರದಿದ್ದರೆ ಮತ್ತೆ ಕೊಟ್ಟು ಪ್ರಯೋಜನವಿಲ್ಲ.

ಫೈಲಿನಲ್ಲಿ ಒಂದು ಹಾಳೆ ಇದಕ್ಕೇ ಇಡಿ. ಡೋಸ್ ಕೊಟ್ಟ ತಾರೀಖು, ಅವತ್ತಿನ ತೂಕ ಮತ್ತು ಎತ್ತರ, ಟಿಎಸ್‌ಎಚ್, ಥೈರೋಗ್ಲೋಬುಲಿನ್, ಅದರ ಆ್ಯಂಟಿಬಾಡಿ, ಎಷ್ಟು ಮಿಲಿಕ್ಯೂರಿ, ಯಾವ ಲೆಕ್ಕದಿಂದ, ಡೋಸಿಮೆಟ್ರಿ ಮಾಡಿದ್ದರೆ ರಕ್ತಕ್ಕೆ ಎಷ್ಟು ಗ್ರೇ, 48 ಗಂಟೆಗೆ ಎಷ್ಟು ಶೇಕಡಾ ಉಳಿದಿತ್ತು. ಎಲ್ಲದರ ಕೆಳಗೆ ಇಲ್ಲಿಯವರೆಗಿನ ಒಟ್ಟು ಮಿಲಿಕ್ಯೂರಿ. ಇವನ್ನು ಡಿಸ್ಚಾರ್ಜ್ ಆಗುವ ದಿನವೇ ಕೇಳಿ ಬರೆಸಿಕೊಳ್ಳಿ. ಜೆರಾಕ್ಸ್ ಒಂದು ಮನೆಯಲ್ಲಿ, ಒಂದು ಫೋಟೋ ತಂದೆತಾಯಿ ಇಬ್ಬರ ಮೊಬೈಲಿನಲ್ಲೂ ಇರಲಿ. ಮುಂದೆ ಮಗು ದೊಡ್ಡದಾಗಿ ಬೇರೆ ಊರಿಗೆ ಓದಲು, ಕೆಲಸಕ್ಕೆ ಹೋದಾಗ ಅಲ್ಲಿನ ಡಾಕ್ಟರಿಗೆ ಮೊದಲು ಬೇಕಾಗುವುದು ಆ ಒಂದು ಹಾಳೆ.